ಸಂತ ಜೆರೋಮರೂ ಯೋನನ ಗಿಡವೂ

ಪವಿತ್ರ ಗ್ರಂಥದ ಅರ್ಥವನ್ನು ಅರಸುವವನು ಮೊದಲು ಮೂಲಭಾಷೆಗೆ ಶಿಷ್ಯನಾಗಬೇಕೆಂಬುದನ್ನು ಸಂತ ಜೆರೋಮರು ಬಾಳಿ ತೋರಿಸಿದರು. ಸಿರಿಯದ ಮರುಭೂಮಿಯಲ್ಲಿ ತಪೋನಿರತರಾಗಿದ್ದಾಗ, ಕ್ರೈಸ್ತರಾಗಿದ್ದ ಯೆಹೂದ್ಯರೊಬ್ಬರಿಂದ ಹೀಬ್ರೂ ಕಲಿಯತೊಡಗಿದರು. ಬೇಸತ್ತು ಎಷ್ಟೋ ಬಾರಿ ಬಿಟ್ಟರು, ಮತ್ತೆ ಹಿಡಿದರು. (ಗುರುಮಠದಲ್ಲಿ ಆ ಭಾಷೆಯೊಡನೆ ಹೆಣಗಿದ ನನ್ನಂಥವರಿಗೆ ಇದೊಂದು ಸಮಾಧಾನ.) 382ರಲ್ಲಿ ರೋಮ್ ಸೇರಿ, ಜಗದ್ಗುರು ದಮಾಸುಸರ ಅಪ್ಪಣೆಯಂತೆ ಲತೀನ್ ಶುಭಸಂದೇಶಗಳನ್ನು ಗ್ರೀಕ್ ಪ್ರತಿಗಳೊಡನೆ ಹೋಲಿಸಿ ತಿದ್ದಿದರು. 386ರಿಂದ ಬೆತ್ಲೆಹೇಮಿನಲ್ಲಿ ನೆಲೆಸಿ ಹಳೆಯ ಒಡಂಬಡಿಕೆಯನ್ನು ಹೀಬ್ರೂವಿನಿಂದಲೇ ಅನುವಾದಿಸಿದರು.

ಯೋನನಿಗೆ ನೆರಳಿತ್ತ ಸೋರೆಬಳ್ಳಿ ಅದರಲ್ಲಿ ಐವಿಬಳ್ಳಿಯಾದುದನ್ನು ಕೇಳಿ ಆಫ್ರಿಕದ ಓಯ ಪಟ್ಟಣದ ದೇವಾಲಯದಲ್ಲಿ ಗದ್ದಲವೆದ್ದಿತು; ಧರ್ಮಾಧ್ಯಕ್ಷರು ಮಂದೆಯನ್ನೇ ಕಳೆದುಕೊಳ್ಳುವಂತಾಯಿತೆಂದು ಸಂತ ಅಗಸ್ಟೀನರು 403ರಲ್ಲಿ ಪತ್ರ ಬರೆದರು. ಜೆರೋಮರು ಮಣಿಯಲಿಲ್ಲ. ಮೂಲದ್ದು ಅಗಲೆಲೆಯ, ಸ್ವಂತ ಕಾಂಡದ ಮೇಲೆ ನಿಲ್ಲುವ ಪೊದೆ. ಲತೀನಿನಲ್ಲಿ ಅದಕ್ಕೆ ಹೆಸರಿಲ್ಲದ್ದರಿಂದ ಹಿಂದಿನ ಗ್ರೀಕ್ ಅನುವಾದಕರನ್ನು ಅನುಸರಿಸಿದೆನೆಂದು ಉತ್ತರಿಸಿದರು.