ನೇಕಾರ ಜಕಾರ್ಡ್

ಗಣಕಯಂತ್ರದ ಚರಿತ್ರೆಯಲ್ಲಿ ಗಣಿತಜ್ಞರೊಡನೆ ಒಬ್ಬ ನೇಕಾರನಿಗೂ ಸ್ಥಾನವುಂಟು. ಅವನೇ ಜೋಸೆಫ್ ಮಾರಿ ಜಕಾರ್ಡ್. ನಮ್ಮ ದೊಡ್ಡಬಳ್ಳಾಪುರದ ರೇಷ್ಮೆ ನೇಕಾರರಿಗೆ ಈ ಹೆಸರು ಹೊಸದಲ್ಲ. ಮಗ್ಗದ ಮೇಲಿನ ಸಾಧನಕ್ಕೆ ಅವರು ಇಂದಿಗೂ ಜಕಾರ್ಡ್ ಎಂದೇ ಹೇಳುತ್ತಾರೆ.

ಅವನು 1752ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ನೇಕಾರನ ಮಗನಾಗಿ ಜನಿಸಿದನು. ಆ ಕಾಲದಲ್ಲಿ ಹೂಬಳ್ಳಿಯ ರೇಷ್ಮೆ ನೇಯಲು ಸಹಾಯಕನೊಬ್ಬನು ಬೇಕಾಗಿತ್ತು. ಲಾಳಿ ಓಡುವಾಗಲೆಲ್ಲ ತಕ್ಕ ಹಾಸಿನ ಎಳೆಗಳನ್ನು ದಾರ ಜಗ್ಗಿ ಎತ್ತುವುದು ಅವನ ಕೆಲಸ. ಆ ದುಡಿಮೆಯಲ್ಲಿ ಎಳೆಯ ಮಕ್ಕಳೂ ಸವೆಯುತ್ತಿದ್ದರು.

ಪಿತ್ರಾರ್ಜಿತವು ಜಕಾರ್ಡನ ಕೈಯಲ್ಲಿ ಕರಗಿತು. ಕ್ರಾಂತಿಯ ಕಾಲದ ಯುದ್ಧದಲ್ಲಿ ಮಗನೂ ಮಡಿದನು. ಇಷ್ಟಾದರೂ ಅವನು ಎದೆಗುಂದಲಿಲ್ಲ. ಹಿಂದೆ ವೊಕಾನ್ಸನ್ ಮೊದಲಾದವರು ಮಾಡಿದ್ದ ಪ್ರಯತ್ನಗಳನ್ನು ತಿದ್ದಿ, 1804ರ ಸುಮಾರಿಗೆ ತನ್ನ ಯಂತ್ರವನ್ನು ಸಿದ್ಧಗೊಳಿಸಿದನು. ಅದರಲ್ಲಿ ಒಂದೊಂದು ಹೊಕ್ಕಿಗೆ ಒಂದೊಂದು ರಟ್ಟಿನ ಪಟ್ಟಿ. ರಂಧ್ರವಿದ್ದೆಡೆ ಎಳೆ ಏಳುವುದು, ಇಲ್ಲದೆಡೆ ಕೆಳಗುಳಿಯುವುದು. ಪಟ್ಟಿಗಳ ಸರಮಾಲೆಯನ್ನು ಬದಲಿಸಿದರೆ ಚಿತ್ತಾರವೂ ಬದಲಾಗುವುದು.

ಅನ್ನಕ್ಕೆ ಕುತ್ತು ಬಂದಿತೆಂದು ನೇಕಾರರು ಕೆರಳಿ ಅವನ ಯಂತ್ರಗಳನ್ನು ಒಡೆದು ಸುಟ್ಟರು. ನೆಪೋಲಿಯನ್ನನ ಸರಕಾರವು ಯಂತ್ರವನ್ನು ಸಾರ್ವಜನಿಕ ಸ್ವತ್ತೆಂದು ಸಾರಿ, ಜಕಾರ್ಡನಿಗೆ ಜೀವಾವಧಿ ವೇತನವನ್ನು ಗೊತ್ತುಮಾಡಿತು. 1812ರ ವೇಳೆಗೆ ಫ್ರಾನ್ಸಿನಲ್ಲಿ ಇಂಥ ಸುಮಾರು 11,000 ಮಗ್ಗಗಳಿದ್ದುವೆನ್ನುತ್ತಾರೆ. ಅವನು 1834ರಲ್ಲಿ ಮೃತನಾದನು. 1840ರಲ್ಲಿ ಲಿಯೋನ್ ನಗರವು ಅವನ ಪ್ರತಿಮೆಯನ್ನು ನಿಲ್ಲಿಸಿತು.

ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತಾನು ಕಲ್ಪಿಸಿದ ಗಣನಯಂತ್ರಕ್ಕೆ ಈ ಪಟ್ಟಿಗಳನ್ನೇ ಆರಿಸಿಕೊಂಡನು. ಆ ಯಂತ್ರವು ಪೂರ್ಣವಾಗಲಿಲ್ಲ, ವಿಚಾರವು ಉಳಿಯಿತು. 1890ರ ಅಮೆರಿಕದ ಜನಗಣತಿಯನ್ನು ಹಾಲೆರಿತ್ ರಂಧ್ರಪಟ್ಟಿಗಳಿಂದಲೇ ಎಣಿಸಿದನು. ನಮ್ಮ ಆರ್.ಕೆ.ಪುರಂನಲ್ಲಿ 1967ರಲ್ಲಿ ಕೇಂದ್ರ ಸರಕಾರದ ಕಂಪ್ಯೂಟರ್ ಕೇಂದ್ರವು ಸ್ಥಾಪನೆಯಾದ ಕಾಲಕ್ಕೂ ಗಣಕಗಳಿಗೆ ಅಂಕಿಗಳನ್ನು ಉಣಿಸುತ್ತಿದ್ದುದು ಬಹುಮಟ್ಟಿಗೆ ಇಂಥ ಪಟ್ಟಿಗಳೇ.

ಇಂದು ಕಚೇರಿಯ ಲೆಕ್ಕಪತ್ರವನ್ನೂ ಹೋಟೆಲಿನ ಗಲ್ಲಾದ ಬಿಲ್ಲನ್ನೂ ಗಣಕವೇ ನೋಡಿಕೊಳ್ಳುತ್ತಿದೆ. ಲಿಯೋನಿನ ನೇಕಾರರ ಅಂದಿನ ಭಯವು ನಮಗೂ ಅಪರಿಚಿತವಲ್ಲ. ಯಂತ್ರವು ಮಕ್ಕಳನ್ನು ಕಠಿಣ ದುಡಿಮೆಯಿಂದ ಬಿಡಿಸಿತು, ನಿಜ. ಆದರೆ ವೇತನ ದೊರೆತುದು ಜಕಾರ್ಡನಿಗೆ, ದಾರ ಜಗ್ಗುತ್ತಿದ್ದ ಕೈಗಳಿಗಲ್ಲ. ಹೊಸ ಯಂತ್ರವನ್ನು ಸ್ವಾಗತಿಸುವ ಸಮಾಜವು ಆ ಕೈಗಳಿಗೂ ಬೇರೊಂದು ಕೆಲಸವನ್ನು ಕಲಿಸಬೇಕು. ಜಕಾರ್ಡನ ಜೀವನದಿಂದ ನಾವು ಕಲಿಯಬೇಕಾದ ಪಾಠವಿದು.