ಬ್ಯಾಟರಿ ಇಲ್ಲದ ಕ್ಯಾಲ್ಕುಲೇಟರ್

ಇಂಟರ್ನಲ್ಸ್ ಹಿಂದಿನ ರಾತ್ರಿ ಮಡಿವಾಳದ ನಮ್ಮ ಪಿಜಿಯಲ್ಲಿ ಕ್ಯಾಲ್ಕುಲೇಟರ್‌ಗಾಗಿ ರೂಮ್ ರೂಮ್ ಸುತ್ತೋದು ಮಾಮೂಲು. ಒಬ್ಬರದು ಕಳೆದುಹೋಗಿರುತ್ತೆ, ಇನ್ನೊಬ್ಬರದು ಬ್ಯಾಟರಿ ಮುಗಿದಿರುತ್ತೆ. ಆದರೆ ಬ್ಯಾಟರಿಯೇ ಬೇಡದ, ಅಂಗೈಯಲ್ಲಿ ಹಿಡಿಯುವ ಕ್ಯಾಲ್ಕುಲೇಟರ್ 1948ರಲ್ಲೇ ಮಾರಾಟಕ್ಕಿತ್ತು. ಹೆಸರು ಕುರ್ಟಾ. ಮಾಡಿದವರು ಕುರ್ಟ್ ಹೆರ್ಜ್‌ಸ್ಟಾರ್ಕ್.

ಅವರು ಹುಟ್ಟಿದ್ದು 1902ರಲ್ಲಿ, ವಿಯೆನ್ನಾದಲ್ಲಿ. ಅಪ್ಪನದು ಲೆಕ್ಕದ ಯಂತ್ರಗಳ ಫ್ಯಾಕ್ಟರಿ. ಆಗಿನ ಯಂತ್ರಗಳು ಮೇಜು ತುಂಬುವಷ್ಟು ದೊಡ್ಡವು. ಜೇಬಿಗೆ ಹಿಡಿಸುವಂಥದ್ದು ಬೇಕು ಅಂತ ಗಿರಾಕಿಗಳು ಕೇಳುತ್ತಿದ್ದರು. ಸಾಲಾಗಿ ಹಲವು ಡ್ರಮ್ ಇಡುವ ಬದಲು ನಡುವೆ ಒಂದೇ ಡ್ರಮ್ ಸಾಕು ಅಂತ ಕುರ್ಟ್‌ಗೆ ಹೊಳೆಯಿತು. ಕಳೆಯೋದಕ್ಕೆ ಹಿಡಿಯನ್ನು ಹಿಂದಕ್ಕೆ ತಿರುಗಿಸಬೇಕಿಲ್ಲ, ಕಾಂಪ್ಲಿಮೆಂಟ್ ಕೂಡಿಸಿದರೆ ಆಯ್ತು. 52ರಿಂದ 17 ಕಳೆಯಬೇಕಾ? 17ರ ನೈನ್ಸ್ ಕಾಂಪ್ಲಿಮೆಂಟ್ 82. ಕೂಡಿದರೆ 134. ಮುಂದಿನ 1 ತೆಗೆದು ಕೊನೆಗೆ ಸೇರಿಸಿ, 35. ಲಾಜಿಕ್ ಡಿಸೈನ್ ಕ್ಲಾಸಲ್ಲಿ ನಾವು ಕಲಿತದ್ದನ್ನೇ ಅವರು ಹಲ್ಲುಚಕ್ರದಲ್ಲಿ ಮಾಡಿದ್ದರು!

1938ರಲ್ಲಿ ಇದರ ಪೇಟೆಂಟ್‌ಗೆ ಅರ್ಜಿ ಹಾಕಿದರು. ಅದೇ ವರ್ಷ ಹಿಟ್ಲರನ ಸೈನ್ಯ ಆಸ್ಟ್ರಿಯಾಕ್ಕೆ ನುಗ್ಗಿತು. ಫ್ಯಾಕ್ಟರಿ ಯುದ್ಧದ ಕೆಲಸಕ್ಕೆ ಹೋಯಿತು. ಕುರ್ಟ್ ತಂದೆ ಯಹೂದಿ. 1943ರಲ್ಲಿ ಅವರನ್ನು ಬಂಧಿಸಿ ಬುಖೆನ್‌ವಾಲ್ಡ್ ಕ್ಯಾಂಪಿಗೆ ಹಾಕಿದರು. ಅಲ್ಲಿನ ಅಧಿಕಾರಿಗಳಿಗೆ ಈ ಯಂತ್ರದ ವಿಷಯ ತಿಳಿದಿತ್ತು. ಯುದ್ಧ ಗೆದ್ದಮೇಲೆ ಹಿಟ್ಲರನಿಗೆ ಉಡುಗೊರೆ ಕೊಡೋಣ ಅಂತ ಅವರ ಆಸೆ. ಹಾಗಾಗಿ ಡ್ರಾಯಿಂಗ್ ಮಾಡಲು ಬಿಟ್ಟರು. ಪ್ರಾಣ ಉಳಿಯಬೇಕಾದರೆ ಇದೇ ದಾರಿ ಅಂತ ಕುರ್ಟ್ ಪೆನ್ಸಿಲ್ ಹಿಡಿದು ಕೂತರು. ತಮ್ಮ ಕನಸಿನ ಯಂತ್ರವನ್ನು ತಮ್ಮನ್ನು ಕೂಡಿಹಾಕಿದವರಿಗೋಸ್ಕರ ಬಿಡಿಸೋದು ಎಂಥ ಸಂಕಟ, ನಮಗೆ ಊಹಿಸೋಕೂ ಆಗಲ್ಲ.

ಏಪ್ರಿಲ್ 1945ರಲ್ಲಿ ಅಮೆರಿಕದ ಸೈನ್ಯ ಬಂದು ಕ್ಯಾಂಪ್ ಬಿಡಿಸಿತು. ಹೊರಬಂದವರ ಕೈಯಲ್ಲಿ ಡ್ರಾಯಿಂಗ್ ಇತ್ತು, ಆದರೆ ಯುರೋಪಿನಲ್ಲಿ ಹಣ ಹಾಕುವವರು ಕಡಿಮೆ. ಕೊನೆಗೆ ಕರೆದದ್ದು ಪುಟ್ಟ ದೇಶ ಲಿಕ್ಟೆನ್‌ಸ್ಟೈನ್. ವಿಸ್ತೀರ್ಣ 160 ಚದರ ಕಿ.ಮೀ., ಅಂದ್ರೆ ನಮ್ಮ ಬೆಂಗಳೂರಿಗಿಂತ ಎಷ್ಟೋ ಚಿಕ್ಕದು. ಯುದ್ಧದಲ್ಲಿ ಅದು ಯಾರ ಕಡೆಯೂ ಸೇರಿರಲಿಲ್ಲ, ಮತ್ತು ಅದಕ್ಕೆ ಹೊಸ ಕೈಗಾರಿಕೆ ಬೇಕಿತ್ತು. ಅಲ್ಲಿ ಕಾಂಟಿನಾ ಕಂಪನಿ ಶುರುವಾಯಿತು. ಅಷ್ಟು ಸಣ್ಣ ದೇಶದಲ್ಲಿ ಎಷ್ಟು ಮಾರಬಹುದು? ಹೊರದೇಶದ ಮಾರುಕಟ್ಟೆಯೇ ಗತಿ. ಸರ್ವೇಯರ್, ಇಂಜಿನಿಯರ್, ಅಕೌಂಟೆಂಟ್, ಕಾರ್ ರ್‍ಯಾಲಿಯವರು, ಎಲ್ಲರೂ ಕೊಂಡರು. ಒಟ್ಟು ಸುಮಾರು 1,40,000 ಕುರ್ಟಾ ತಯಾರಾದವು.

ಮಧ್ಯದಲ್ಲಿ ಇನ್ನೊಂದು ಪೆಟ್ಟು. ಹಣ ಹಾಕಿದವರು ಕಂಪನಿಯನ್ನು ಮರುರಚಿಸಿ ಕುರ್ಟ್ ಅವರ ಷೇರುಗಳಿಗೆ ಬೆಲೆಯೇ ಇಲ್ಲದಂತೆ ಮಾಡಿದರು. ಆದರೆ ಪೇಟೆಂಟ್ ಇನ್ನೂ ಕುರ್ಟ್ ಹೆಸರಲ್ಲೇ ಇತ್ತು! ಅದಿಲ್ಲದೆ ಯಂತ್ರ ಮಾಡೋ ಹಾಗಿಲ್ಲ. ಹಾಗಾಗಿ ಅವರೊಂದಿಗೆ ಮತ್ತೆ ಒಪ್ಪಂದಕ್ಕೆ ಬರಬೇಕಾಯಿತು.

1970ರ ದಶಕದಲ್ಲಿ ಎಲೆಕ್ಟ್ರಾನಿಕ್ ಕ್ಯಾಲ್ಕುಲೇಟರ್ ಬಂದಾಗ ಕುರ್ಟಾ ಕಥೆ ಮುಗಿಯಿತು. ಕುರ್ಟ್ 1988ರಲ್ಲಿ ಲಿಕ್ಟೆನ್‌ಸ್ಟೈನ್‌ನಲ್ಲೇ ತೀರಿಕೊಂಡರು. ಪ್ರಾಜೆಕ್ಟ್ ಮಾಡುವಾಗ ಯಾರ ಹೆಸರು ಎಲ್ಲಿ ಬರಬೇಕು ಅಂತ ಜಗಳ ಆಡುವ ನಾವು, ಅವರನ್ನು ಒಮ್ಮೆ ನೆನೆಸಿಕೊಳ್ಳೋಣ.