ಸರ್ ಜಗದೀಶಚಂದ್ರ ಬೋಸರ ಜೀವನಚರಿತೆ

ತಂತಿಯ ಸಹಾಯವಿಲ್ಲದೆ ದೂರದ ಬಂಧುಗಳೊಡನೆ ಮಾತನಾಡುವುದು ಇಂದು ನಮ್ಮ ಮನೆಗಳಲ್ಲಿ ದಿನನಿತ್ಯದ ವ್ಯವಹಾರವಾಗಿದೆ. ಅಂಗೈಯಲ್ಲಿ ಅಡಗುವ ಟೆಲಿಫೋನಿನೊಳಗೆ ಎಷ್ಟೋ ಸೂಕ್ಷ್ಮವಾದ ವಿದ್ಯುನ್ಮಂಡಲಗಳು ಕೂಡಿಕೊಂಡು, ಕಣ್ಣಿಗೆ ಕಾಣದ ಅಲೆಗಳನ್ನು ಹುಟ್ಟಿಸಿ, ಸೋಸಿ, ಹಿಡಿದು, ಅವುಗಳಿಂದ ಮಾತನ್ನು ಬಿಡಿಸಿಕೊಡುತ್ತವೆ. ಇಂಥ ಅಲೆಗಳನ್ನು ನಡೆಸುವ ಕೊಳವೆ, ಬಯಲಿಗೆ ಚೆಲ್ಲುವ ಕೊಂಬು, ಹಿಡಿಯುವ ಹರಳು, ಇವುಗಳನ್ನು ಮೊದಮೊದಲು ಮಾಡಿ ತೋರಿಸಿದವರಲ್ಲಿ ಕಲ್ಕತ್ತೆಯ ಒಬ್ಬ ಉಪಾಧ್ಯಾಯರು ಅಗ್ರಗಣ್ಯರೆಂಬುದನ್ನು ನಮ್ಮಲ್ಲಿ ಅನೇಕರು ಅರಿಯರು. ಸರ್ ಜಗದೀಶಚಂದ್ರ ಬೋಸರನ್ನು ಗಿಡಮರಗಳ ಪರೀಕ್ಷಕರೆಂದಷ್ಟೇ ಪಾಠಪುಸ್ತಕಗಳಿಂದ ನಾವು ಬಲ್ಲೆವು. ಅವರ ಬಾಳಿನ ಇನ್ನೊಂದು ಮುಖವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಬೋಸರು 1858ನೆಯ ಇಸವಿ ನವೆಂಬರ್ 30ನೆಯ ತಾರೀಖು ಪೂರ್ವ ಬಂಗಾಳದಲ್ಲಿ ಜನಿಸಿದರು. ತಂದೆ ಭಗವಾನಚಂದ್ರರು ಸರಕಾರದ ಅಧಿಕಾರಿಗಳು. ಆ ಅಂತಸ್ತಿನವರು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳುಹಿಸುವುದೇ ವಾಡಿಕೆಯಾಗಿದ್ದ ಕಾಲದಲ್ಲಿ ಅವರು ಮಗನನ್ನು ಫರೀದ್‌ಪುರದ ಬಂಗಾಳಿ ಶಾಲೆಗೆ ಸೇರಿಸಿದರು. ಮೊದಲು ತಾಯ್ನುಡಿಯನ್ನೂ ತನ್ನ ನೆಲದ ಜನರನ್ನೂ ಮಗನು ಅರಿಯಲೆಂಬುದು ಅವರ ಇಚ್ಛೆ. ಅಲ್ಲಿ ಬೆಸ್ತರ ಹುಡುಗನೂ ತಂದೆಯ ಮುಸಲ್ಮಾನ ಸೇವಕನ ಮಗನೂ ಬಾಲಕನ ಪಕ್ಕದಲ್ಲಿ ಕುಳಿತು ಓದುತ್ತಿದ್ದರು. ಅವರಿಂದ ಕೇಳಿದ ಹಕ್ಕಿ, ಮೀನು, ಮೃಗಗಳ ಕಥೆಗಳೇ ಆತನಿಗೆ ಪ್ರಕೃತಿಯ ಮೊದಲ ಪಾಠಗಳಾದುವು.

ಮುಂದೆ ಕಲ್ಕತ್ತೆಯ ಸಂತ ಝೇವಿಯರರ ಕಾಲೇಜಿನಲ್ಲಿ ಫಾದರ್ ಲಾಫೋಂ ಎಂಬ ಪಾದ್ರಿಗಳು ಅವರಿಗೆ ಭೌತವಿಜ್ಞಾನದ ಗುರುಗಳಾದರು. ಸೂತ್ರಗಳನ್ನು ಕಂಠಪಾಠ ಮಾಡಿಸುವುದಕ್ಕಿಂತ ಪ್ರಯೋಗವನ್ನು ಕಣ್ಣೆದುರಿಗೆ ನಡೆಸಿ ತೋರಿಸುವುದರಲ್ಲಿ ಆ ಗುರುಗಳು ಹೆಸರಾಂತವರು. 1880ರಲ್ಲಿ ಬೋಸರು ವೈದ್ಯವಿದ್ಯೆಗಾಗಿ ಲಂಡನ್ನಿಗೆ ಹೊರಟರಾದರೂ ಬಿಡದ ಜ್ವರದಿಂದ ಅದನ್ನು ತೊರೆಯಬೇಕಾಯಿತು. ಕೇಂಬ್ರಿಜ್ಜಿನ ಕ್ರೈಸ್ಟ್ಸ್ ಕಾಲೇಜನ್ನು ಸೇರಿ ಲಾರ್ಡ್ ರೇಲಿ ಮೊದಲಾದವರ ಬಳಿ ವಿಜ್ಞಾನವನ್ನು ಅಭ್ಯಸಿಸಿ, 1884ರಲ್ಲಿ ಪದವಿಯನ್ನು ಪಡೆದು ಸ್ವದೇಶಕ್ಕೆ ಮರಳಿದರು.

1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕ ಪದವಿ ದೊರೆಯಿತು. ಆದರೆ ಅದೇ ಕೆಲಸವನ್ನು ಮಾಡುವ ಯೂರೋಪಿಯನ್ನರ ಸಂಬಳದಲ್ಲಿ ಮೂರನೆಯ ಎರಡು ಪಾಲು ಮಾತ್ರ ಭಾರತೀಯನಿಗೆ ಸಲ್ಲುತ್ತಿತ್ತು. ಬೋಸರ ನೇಮಕವು ತಾತ್ಕಾಲಿಕವಾದುದರಿಂದ ಅದರಲ್ಲಿಯೂ ಅರ್ಧ ಕಡಿತವಾಗಿ ಮೂರನೆಯ ಒಂದು ಪಾಲು ಉಳಿಯಿತು. ಬೋಸರು ಜಗಳವಾಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ಪಾಠವನ್ನು ಕ್ರಮವಾಗಿ ನಡೆಸಿದರು. ಸಂಬಳವನ್ನು ಮಾತ್ರ ಮುಟ್ಟಲಿಲ್ಲ. ತಂದೆಯ ತಲೆಯ ಮೇಲೆ ಸಾಲದ ಹೊರೆಯಿದ್ದ ಕಾಲವದು. 1887ರಲ್ಲಿ ಕೈಹಿಡಿದ ಅಬಲಾದೇವಿಯವರೂ ಆ ಬಡತನವನ್ನು ನಗುಮೊಗದಿಂದ ಹಂಚಿಕೊಂಡರು. ಹೀಗೆ ಮೂರು ವರುಷ ಕಳೆದ ಮೇಲೆ ಅಧಿಕಾರಿಗಳು ಮಣಿದು, ನೇಮಕವನ್ನು ಖಾಯಂಗೊಳಿಸಿ, ಹಿಂದಿನ ಬಾಕಿಯೆಲ್ಲವನ್ನೂ ಪೂರ್ಣವಾಗಿ ಸಲ್ಲಿಸಿದರು. ಆ ಹಣವು ತಂದೆಯ ಸಾಲವನ್ನು ತೀರಿಸಲು ಒದಗಿತು.

ಅಬಲಾದೇವಿಯವರ ವಿಷಯವಾಗಿ ಎರಡು ಮಾತು ಇಲ್ಲಿಯೇ ಹೇಳುವುದು ಯುಕ್ತ. ಕಲ್ಕತ್ತೆಯ ವೈದ್ಯಕಾಲೇಜು ಸ್ತ್ರೀಯರಿಗೆ ಬಾಗಿಲು ತೆರೆಯದಿದ್ದ ದಿನಗಳಲ್ಲಿ, 1882ರಲ್ಲಿ, ಆಕೆ ವಿದ್ಯಾರ್ಥಿವೇತನವನ್ನು ಪಡೆದು ಮದರಾಸಿಗೆ ಬಂದು ವೈದ್ಯವಿದ್ಯೆಯನ್ನು ಅಭ್ಯಸಿಸಿದರು. ಅನಾರೋಗ್ಯವು ಅದನ್ನು ಮುಗಿಸಗೊಡಲಿಲ್ಲ. ಆದರೆ ಮುಚ್ಚಿದ ಆ ಬಾಗಿಲನ್ನು ಆಕೆ ಮರೆಯಲಿಲ್ಲವೆಂಬುದನ್ನು ಮುಂದೆ ಕಾಣುವೆವು.

ಜರ್ಮನಿಯ ಹೈನ್ರಿಕ್ ಹರ್ಟ್ಸ್ ಎಂಬ ಪಂಡಿತರು 1886ರಿಂದ 1888ರವರೆಗೆ ನಡೆಸಿದ ಪ್ರಯೋಗಗಳಲ್ಲಿ, ವಿದ್ಯುತ್ತಿನ ಕಿಡಿಯಿಂದ ಅಲೆಗಳು ಹುಟ್ಟಿ ಬೆಳಕಿನಂತೆಯೇ ಹರಡುವುವೆಂದು ಸ್ಥಾಪಿಸಿದ್ದರು. ಆ ಅಲೆಗಳು ಉದ್ದವಾದುವು. ಅವುಗಳ ವಕ್ರೀಭವನವನ್ನು ತೋರಿಸಲು ಹರ್ಟ್ಸರು ಅರ್ಧ ಟನ್ನಿಗೂ ಮೀರಿದ ಡಾಮರಿನ ಅಶ್ರಗವನ್ನು ಎರಕ ಹೊಯ್ಯಿಸಬೇಕಾಯಿತು. 1894ರ ಆರಂಭದಲ್ಲಿ ಅವರು ಅಕಾಲಮರಣವನ್ನು ಹೊಂದಿದರು. ಆಲಿವರ್ ಲಾಜ್ ಎಂಬ ಆಂಗ್ಲ ವಿದ್ವಾಂಸರು ಆ ವರ್ಷ ಹರ್ಟ್ಸರ ಕಾರ್ಯವನ್ನು ಕುರಿತು ಕೊಟ್ಟ ಉಪನ್ಯಾಸದ ವಾರ್ತೆಯು ಬೋಸರ ಮನಸ್ಸನ್ನು ಸೆಳೆಯಿತು. ತಮ್ಮ 36ನೆಯ ಹುಟ್ಟುಹಬ್ಬದಂದು ಅವರು ಸಂಶೋಧನೆಯ ವ್ರತವನ್ನು ತೊಟ್ಟರು.

ಕಾಲೇಜಿನಲ್ಲಿ ಅದಕ್ಕೆ ತಕ್ಕ ಪ್ರಯೋಗಶಾಲೆಯಿರಲಿಲ್ಲ. ಸ್ನಾನದ ಮನೆಗೆ ಹೊಂದಿಕೊಂಡ 24 ಚದರಡಿಯ ಮೂಲೆಯೊಂದೇ ಅವರ ಕರ್ಮಭೂಮಿ. ಓದುಬರಹದ ತರಬೇತಿಯಿಲ್ಲದ ತಗಡಿನ ಕೆಲಸಗಾರನೊಬ್ಬನೇ ಸಹಾಯಕ. ಕೋಣೆಯು ಕಿರಿದಾದರೆ ಅಲೆಯನ್ನೂ ಕಿರಿದು ಮಾಡಬೇಕು! ಬೋಸರು ಪ್ಲಾಟಿನಮ್ಮಿನ ಸಣ್ಣ ಗುಂಡಿನ ಇಕ್ಕೆಲಗಳಲ್ಲಿ ಕಿಡಿ ಹಾರಿಸಿ, 5 ಮಿಲಿಮೀಟರಿನಿಂದ 25 ಮಿಲಿಮೀಟರುಗಳವರೆಗಿನ ಉದ್ದದ ಅಲೆಗಳನ್ನು ಪಡೆದರು. ಇವುಗಳಲ್ಲಿ ಅತಿ ಚಿಕ್ಕದು ಸೆಕೆಂಡಿಗೆ 6,000 ಕೋಟಿ ಸಲ ಕಂಪಿಸುತ್ತದೆ. ಅಲೆಯು ಗೋಧಿಯ ಕಾಳಿನಷ್ಟಾದ ಮೇಲೆ, ಅದನ್ನು ಬಾಗಿಸುವ ಅಶ್ರಗವೂ ಮಸೂರವೂ ಮೇಜಿನ ಮೇಲೆ ನಿಲ್ಲುವಷ್ಟಾದುವು.

ಆ ಮೇಜಿನ ಮೇಲಿದ್ದ ಸಾಮಗ್ರಿಗಳನ್ನು ಕೊಂಚ ಸಾವಧಾನವಾಗಿ ನೋಡೋಣ. ಕಿಡಿಯನ್ನು ಅವರು ಲೋಹದ ಕೊಳವೆಯೊಳಗೆ ಇರಿಸಿದರು. ಕೊಳವೆಯ ಅಗಲಕ್ಕೆ ಹೊಂದುವ ಗಿಡ್ಡ ಅಲೆಗಳು ಮಾತ್ರ ಅದರಲ್ಲಿ ಸಾಗಬಲ್ಲುವು. ಉದ್ದದ ಅಲೆಗಳು ತಾವಾಗಿಯೇ ಹಿಂದುಳಿಯುವುವು. ಹೀಗೆ ಕೊಳವೆಯು ಹಾದಿಯೂ ಹೌದು, ಜರಡಿಯೂ ಹೌದು. ಅಲೆಗಳನ್ನು ಕೂಡಿಸಿಕೊಳ್ಳುವ ಕಡೆಯಲ್ಲಿ ತಗಡಿನ ಚೌಕನೆಯ ಆಲಿಕೆಯೊಂದನ್ನು ಜೋಡಿಸಿದರು. ನಮ್ಮ ಊರಿನ ಕೊಂಬು ಕಹಳೆಗಳ ಬಾಯಿ ಅಗಲವಾಗಿರುವುದು ಏತಕ್ಕೆ? ಇಕ್ಕಟ್ಟಾದ ಕೊಳವೆಗೂ ವಿಶಾಲವಾದ ಬಯಲಿಗೂ ನಡುವೆ ಥಟ್ಟನೆ ಬದಲಾವಣೆಯಿದ್ದರೆ ಅಲೆಯು ಹೆದರಿದ ಕರುವಿನಂತೆ ಹಿಂದಕ್ಕೆ ಮರಳುತ್ತದೆ. ಹಾದಿಯು ಮೆಲ್ಲಮೆಲ್ಲನೆ ಅಗಲವಾದರೆ ನಷ್ಟವಿಲ್ಲದೆ ದಾಟುತ್ತದೆ. ಆ ಆಲಿಕೆಯ ತತ್ತ್ವವೂ ಇದೇ.

ಅಲೆಯನ್ನು ಹಿಡಿಯಲು ಉಕ್ಕಿನ ಸಣ್ಣ ಸುರುಳಿಗಳನ್ನು ಒತ್ತಾಗಿ ಜೋಡಿಸಿ, ತಿರುಪಿನಿಂದ ಒತ್ತಡವನ್ನು ಹದಗೊಳಿಸುವ ಗ್ರಾಹಕವನ್ನು ಮಾಡಿದರು. ಅಲೆಗಳ ಕಂಪನವು ಒಂದೇ ದಿಕ್ಕಿನಲ್ಲಿರುವುದನ್ನು ಪರೀಕ್ಷಿಸಲು ದುಬಾರಿಯ ಯಂತ್ರಕ್ಕೆ ಕಾಯಲಿಲ್ಲ. ರೈಲ್ವೆಯ ವೇಳಾಪಟ್ಟಿಯ ದಪ್ಪ ಪುಸ್ತಕವೊಂದರ ಹಾಳೆಹಾಳೆಗಳ ನಡುವೆ ತವರದ ತೆಳುತಗಡನ್ನು ಸೇರಿಸಿದರು, ಸೊಗಸಾದ ಉಪಕರಣವಾಯಿತು. ಬಂಗಾಳದ ಸೆಣಬನ್ನು ಹುರಿಮಾಡಿ ಅಲೆಯ ಮುಂದೆ ಹಿಡಿದು, ತಿರುಚಿದ ವಸ್ತುವು ಕಂಪನದ ದಿಕ್ಕನ್ನೂ ತಿರುಗಿಸುವುದೆಂದು ತೋರಿಸಿದರು. ಎರಡು ಅಶ್ರಗಗಳ ನಡುವಣ ಗಾಳಿಯ ಸಂದು ಎಷ್ಟಿದ್ದರೆ ಅಲೆಯು ಪೂರ್ಣವಾಗಿ ಪ್ರತಿಫಲಿಸುವುದು, ಎಷ್ಟು ಕಿರಿದಾದರೆ ಆಚೆಗೆ ಜಿನುಗುವುದು ಎಂಬುದನ್ನೂ ಅಳೆದರು. ಕೊನೆಗೆ ಸೀಸದ ಅದಿರಾದ ಗೆಲೀನಾ ಹರಳನ್ನು ಲೋಹದ ಮೊನೆಯಿಂದ ಮೆಲ್ಲನೆ ಮುಟ್ಟಿಸಿ, ಅದೂ ಅಲೆಗಳಿಗೆ ಸ್ಪಂದಿಸುವುದೆಂದು ಕಂಡುಕೊಂಡರು.

1895ರಲ್ಲಿ ಕಲ್ಕತ್ತೆಯ ಪುರಭವನದಲ್ಲಿ ನೆರೆದ ಸಭಿಕರ ಮುಂದೆ ಅವರ ಅಲೆಗಳು ಗೋಡೆಗಳನ್ನು ದಾಟಿ, ದೂರದ ಕೋಣೆಯಲ್ಲಿದ್ದ ಗಂಟೆಯನ್ನು ಬಾರಿಸಿ, ಮದ್ದನ್ನು ಸಿಡಿಸಿದುವು. ಮರುವರ್ಷ ಲಂಡನ್ ವಿಶ್ವವಿದ್ಯಾಲಯವು ಡಾಕ್ಟರ್ ಪದವಿಯನ್ನಿತ್ತಿತು. 1897ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವರು ಮಾಡಿದ ಉಪನ್ಯಾಸವನ್ನು ಆಗಿನ ಪಂಡಿತರು ಮೆಚ್ಚಿ ಕೇಳಿದರು.

ಹಾಗಾದರೆ ರೇಡಿಯೋವನ್ನು ಕಂಡುಹಿಡಿದವರು ಬೋಸರೇ? ಸ್ವದೇಶಾಭಿಮಾನದಿಂದ ಹೌದೆಂದು ಬಿಡುವುದು ಸುಲಭ. ಸತ್ಯವನ್ನು ತೂಗಿ ಹೇಳುವುದು ಮೇಲು. ವಾರ್ತೆಯನ್ನು ಸಾವಿರಾರು ಮೈಲಿ ಕಳುಹಿಸಿ ವ್ಯಾಪಾರ ಕಟ್ಟಬೇಕೆಂಬುದು ಮಾರ್ಕೋನಿಯ ಗುರಿ; ಅದಕ್ಕೆ ಆತನು ಉದ್ದದ ಅಲೆಗಳನ್ನು ಬಳಸಿದನು. ಅಲೆಯ ಸ್ವಭಾವವನ್ನು ಅರಿಯಬೇಕೆಂಬುದು ಬೋಸರ ಗುರಿ. ಆದರೆ 1899ರಲ್ಲಿ ಬೋಸರು ಪಾದರಸವನ್ನೂ ಟೆಲಿಫೋನನ್ನೂ ಕೂಡಿಸಿದ, ತಾನಾಗಿಯೇ ಮೊದಲ ಸ್ಥಿತಿಗೆ ಮರಳುವ ಗ್ರಾಹಕವನ್ನು ರಾಯಲ್ ಸೊಸೈಟಿಯ ಮುಂದೆ ವಿವರಿಸಿದ್ದರು. 1901ರ ಡಿಸೆಂಬರಿನಲ್ಲಿ ಅಟ್ಲಾಂಟಿಕ್ ಸಾಗರದಾಚೆಯ ಸಂಕೇತವನ್ನು ಕೇಳಲು ಮಾರ್ಕೋನಿಯು ಬಳಸಿದ ಪಾದರಸದ ಗ್ರಾಹಕವು ಇಟಲಿಯ ನೌಕಾದಳದ ಹೆಸರಿನಲ್ಲಿ ಪ್ರಸಿದ್ಧವಾಯಿತು. ಅದರ ಮೂಲವು ಬೋಸರದೇ ಎಂದು ಇತಿಹಾಸವನ್ನು ಶೋಧಿಸಿದ ಕೆಲವರು ಸಾಧಿಸಿದ್ದಾರೆ.

ಬೋಸರು ತಮ್ಮ ಕಲ್ಪನೆಗಳನ್ನು ಮುಚ್ಚಿಡಲಿಲ್ಲ. ಜ್ಞಾನವು ಮಾರಾಟದ ಸರಕಲ್ಲವೆಂಬುದು ಅವರ ನಿಶ್ಚಯ. 1901ರಲ್ಲಿ ವಾರ್ತಾಯಂತ್ರದ ವ್ಯಾಪಾರಿಯೊಬ್ಬನು ಲಾಭದಲ್ಲಿ ಪಾಲು ಕೊಡುವೆನೆಂದು ಬಂದಾಗ ಅವರು ಒಪ್ಪಲಿಲ್ಲ. ಸೋದರಿ ನಿವೇದಿತಾ ಮತ್ತು ಅಮೆರಿಕದ ಸಾರಾ ಬುಲ್ ಎಂಬ ಹಿತೈಷಿಗಳ ಒತ್ತಾಯದಿಂದ ಮಾತ್ರ ಆ ಹರಳಿನ ಗ್ರಾಹಕಕ್ಕೆ ಅಮೆರಿಕದಲ್ಲಿ ಪೇಟೆಂಟಿಗೆ ಅರ್ಜಿ ಹೋಯಿತು. 1904ರ ಮಾರ್ಚ್ 29ರಂದು ಅದು ಮಂಜೂರಾಯಿತು. ಅದರಿಂದ ಹಣ ಗಳಿಸುವ ಯತ್ನವನ್ನು ಬೋಸರು ಮಾಡಲೇ ಇಲ್ಲ. ಈ ನಿಸ್ಪೃಹತೆ ದೊಡ್ಡದು. ಆದರೂ ಇದಕ್ಕೆ ಬೆಲೆ ತೆರಬೇಕಾಯಿತೆಂಬುದನ್ನು ನಾವು ಮರೆಮಾಚಲಾರೆವು. ಕಾರ್ಖಾನೆಯ ಬೆಂಬಲವೂ ಕೆಲಸವನ್ನು ಮುಂದುವರಿಸುವ ಶಿಷ್ಯಪರಂಪರೆಯೂ ಇಲ್ಲದೆ, ಕೊಳವೆ ಕೊಂಬುಗಳ ವಿದ್ಯೆಯು ಹತ್ತಿರ ಹತ್ತಿರ ನಲವತ್ತು ವರ್ಷ ಮಲಗಿತು. 1936ರಲ್ಲಿ ಅಮೆರಿಕದ ಶೋಧಕರು ಅದನ್ನು ಹೊಸದಾಗಿ ಕಂಡುಕೊಂಡರು; ಎರಡನೆಯ ಮಹಾಯುದ್ಧದಲ್ಲಿ ಅದು ರಾಡಾರಿನ ಜೀವಾಳವಾಯಿತು.

ಬೋಸರಾದರೋ ಆಗಲೇ ಬೇರೊಂದು ಹಾದಿಯನ್ನು ಹಿಡಿದಿದ್ದರು. ಬಹಳ ಹೊತ್ತು ದುಡಿದ ಗ್ರಾಹಕವು ದಣಿದಂತೆ ಮಂದವಾಗಿ, ವಿಶ್ರಾಂತಿಯ ನಂತರ ಚೇತರಿಸಿಕೊಳ್ಳುವುದನ್ನು ಕಂಡು, ಜಡಕ್ಕೂ ಜೀವಕ್ಕೂ ಇರುವ ಸಾಮ್ಯವನ್ನು ಅವರು ಹುಡುಕತೊಡಗಿದರು. ಅಲ್ಲಿಂದ ಸಸ್ಯಗಳ ಪರೀಕ್ಷೆಗೆ ನಡೆದರು. ಅವರ ಆ ನಿರ್ಣಯಗಳೆಲ್ಲವನ್ನೂ ವಿದ್ವಾಂಸರು ಒಪ್ಪಲಿಲ್ಲ. ಸಸ್ಯಗಳಲ್ಲಿ ವಿದ್ಯುತ್ಸಂಕೇತಗಳು ಹರಿಯುವುವೆಂಬುದು ಮಾತ್ರ ನಿಂತಿದೆ. 1917ರಲ್ಲಿ ಸರ್ ಪದವಿ ಬಂದಿತು. ಅದೇ ವರ್ಷ ತಮ್ಮ ಹುಟ್ಟುಹಬ್ಬದಂದು ಕಲ್ಕತ್ತೆಯಲ್ಲಿ ಬೋಸ್ ಸಂಶೋಧನ ಮಂದಿರವನ್ನು ತೆರೆದರು. 1920ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. 1937ನೆಯ ನವೆಂಬರ್ 23ರಂದು ಗಿರಿಡಿಯಲ್ಲಿ ದೇಹವನ್ನು ತ್ಯಜಿಸಿದರು.

ಅಬಲಾದೇವಿಯವರು 1919ರಲ್ಲಿ ನಾರೀ ಶಿಕ್ಷಾ ಸಮಿತಿಯನ್ನು ಸ್ಥಾಪಿಸಿ ಬಂಗಾಳದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಶಾಲೆಗಳನ್ನು ತೆರೆಸಿದರು. 1925ರಲ್ಲಿ ವಿಧವೆಯರಿಗೆ ವಿದ್ಯೆ ಕಲಿಸಿ ಉಪಾಧ್ಯಾಯಿನಿಯರನ್ನಾಗಿ ಮಾಡುವ ಮಂದಿರವನ್ನು ಕಟ್ಟಿದರು. 1951ರಲ್ಲಿ ನಿಧನ ಹೊಂದುವವರೆಗೂ ಆಕೆಯ ಸೇವೆ ನಿಲ್ಲಲಿಲ್ಲ. ತನಗೆ ಮುಚ್ಚಿದ್ದ ಬಾಗಿಲನ್ನು ಸಾವಿರಾರು ಬಾಲೆಯರಿಗೆ ತೆರೆದ ಈ ಮಹಿಳೆಯ ಹೆಸರು ಪತಿಯ ಹೆಸರಿನೊಡನೆ ಸ್ಮರಣೀಯವಾದುದು.

2012ರಲ್ಲಿ ವಿದ್ಯುತ್ತಂತ್ರಜ್ಞರ ಅಂತಾರಾಷ್ಟ್ರೀಯ ಸಂಸ್ಥೆಯೊಂದು ಬೋಸರ ಆ ಮಿಲಿಮೀಟರ್ ಅಲೆಗಳ ಪ್ರಯೋಗವನ್ನು ಮೈಲಿಗಲ್ಲೆಂದು ಗೌರವಿಸಿತು. ಇಂದಿನ ವೇಗದ ನಿಸ್ತಂತು ಜಾಲಗಳು ಮತ್ತೆ ಅವೇ ಗಿಡ್ಡ ಅಲೆಗಳತ್ತ ತಿರುಗಿವೆ. ಗಾಜಿನ ಕೂದಲೆಳೆಯೊಳಗೆ ಬೆಳಕನ್ನು ನಡೆಸುವ ವಿದ್ಯೆಯಲ್ಲಿಯೂ ಪೂರ್ಣ ಪ್ರತಿಫಲನವೇ ಆಧಾರ. ಎರಡು ಎಳೆಗಳನ್ನು ತೀರ ಸಮೀಪಕ್ಕೆ ತಂದರೆ ಒಂದರ ಬೆಳಕು ಇನ್ನೊಂದಕ್ಕೆ ಜಿನುಗುವುದು, ಬೋಸರ ಅಶ್ರಗಗಳ ಸಂದಿನಲ್ಲಿ ಜಿನುಗಿದಂತೆಯೇ.

ನಮ್ಮ ಹೆಣ್ಣುಮಕ್ಕಳು ಈ ವಿದ್ಯೆಯನ್ನು ಕಲಿಯಲು ಹೊರಟಾಗ ಸಾಮಗ್ರಿ ಸಾಲದು, ಸ್ಥಳ ಸಾಲದು ಎಂದು ತಂದೆತಾಯಿಗಳು ಹಿಂಜರಿಯಬಾರದು. ಹಳೆಯ ವೇಳಾಪಟ್ಟಿ, ತವರದ ತಗಡು, ಸೆಣಬಿನ ಹುರಿ, ಇವುಗಳಿಂದ ಲೋಕಕ್ಕೆ ಹೊಸ ಅರಿವನ್ನು ಕೊಟ್ಟವರ ಚರಿತೆಯನ್ನು ಮಕ್ಕಳಿಗೆ ಹೇಳಿ ಅವರ ಕೈಗೆ ಕೆಲಸವನ್ನು ಕೊಡುವುದು ನಮ್ಮೆಲ್ಲರ ಹೊಣೆ.